ಸಭೆಯೊಳಗಿದ್ದೂ ಸ್ವತಂತ್ರೆ: ಪಂಡಿತಾ ರಮಾಬಾಯಿ

ದೀಕ್ಷಾಸ್ನಾನ ಪಡೆದ ಕ್ರೈಸ್ತರು ಸಾಮಾನ್ಯವಾಗಿ ಒಂದು ಸಭೆಗೆ ಸೇರಿದವರಾಗುತ್ತಾರೆ. ಆ ಸಭೆಗೊಂದು ವಿಶ್ವಾಸಪ್ರಮಾಣವಿರುತ್ತದೆ, ಗುರುಹಿರಿಯರಿರುತ್ತಾರೆ, ನೇಮನಿಷ್ಠೆಗಳಿರುತ್ತವೆ. ಸಭೆಗೆ ಸೇರುವುದೆಂದರೆ ಇವೆಲ್ಲಕ್ಕೂ ಪ್ರಶ್ನಿಸದೆ ತಲೆಬಾಗುವುದೇ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಇಂಗ್ಲೆಂಡಿನ ನೆಲದಲ್ಲಿಯೇ ನಿಂತು ಈ ಪ್ರಶ್ನೆಯನ್ನು ಎತ್ತಿದ ಭಾರತೀಯ ಮಹಿಳೆ ಪಂಡಿತಾ ರಮಾಬಾಯಿ ಸರಸ್ವತಿ.

ರಮಾಬಾಯಿ ಹುಟ್ಟಿದ್ದು ಕನ್ನಡ ನಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸಮೀಪದ ಮಾಳದವರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಸ್ವಜನರ ವಿರೋಧ ಕಟ್ಟಿಕೊಂಡ ಅವರು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಹೂಡಿದರು. 1858ರ ಏಪ್ರಿಲ್ 23ರಂದು ಅಲ್ಲಿಯೇ ರಮಾಬಾಯಿಯವರ ಜನನವಾಯಿತು. ಬಡತನದಿಂದ ಕಂಗೆಟ್ಟ ಕುಟುಂಬ ಮುಂದೆ ತೀರ್ಥಯಾತ್ರೆಗೆ ಹೊರಟು, ಪುರಾಣ ಪಠಣದಿಂದ ಹೊಟ್ಟೆ ಹೊರೆಯಿತು. 1870ರ ದಶಕದ ಬರಗಾಲದಲ್ಲಿ ತಂದೆತಾಯಿ ಇಬ್ಬರೂ ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಂದಿಗೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ ರಮಾಬಾಯಿ 1878ರಲ್ಲಿ ಕಲ್ಕತ್ತೆ ತಲುಪಿದಾಗ, ಅಲ್ಲಿನ ವಿದ್ವಾಂಸರು ಅವರ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು.

1880ರಲ್ಲಿ ಅಣ್ಣನೂ ನಿಧನನಾದ. ಅದೇ ವರ್ಷ ಅವರು ಜಾತಿಯ ಕಟ್ಟು ಮೀರಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. 1882ರಲ್ಲಿ ಕಾಲರಾ ಪತಿಯನ್ನು ಬಲಿ ತೆಗೆದುಕೊಂಡಿತು. ಪುಟ್ಟ ಮಗಳು ಮನೋರಮಾಳೊಂದಿಗೆ ಪುಣೆಗೆ ಬಂದ ರಮಾಬಾಯಿ ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ವೈದ್ಯಕೀಯ ಕಲಿಯುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಶ್ರವಣದೋಷದಿಂದಾಗಿ ಆ ಆಸೆ ಕೈಗೂಡಲಿಲ್ಲ.

ಇಂಗ್ಲೆಂಡಿನಲ್ಲಿ ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರು ಅವರಿಗೆ ಆಶ್ರಯ ನೀಡಿದರು. ಲೋಕ ಹೊರದಬ್ಬಿದ ಹೆಣ್ಣುಮಕ್ಕಳನ್ನು ಈ ಸನ್ಯಾಸಿನಿಯರು ಲಂಡನ್ನಿನ ಫುಲ್ಹಾಮ್‌ನಲ್ಲಿ ಕರೆದು ಸಲಹುತ್ತಿದ್ದ ಬಗೆ ರಮಾಬಾಯಿಯವರ ಮನಸ್ಸನ್ನು ಕಲಕಿತು. 1883ರ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ಪುಣೆಯಲ್ಲಿ ಇದು ಕೋಲಾಹಲವೆಬ್ಬಿಸಿತು. ಮೆಚ್ಚಿದ್ದವರೇ ಮುಖ ತಿರುಗಿಸಿದರು. ಅವರ ನಿರ್ಧಾರವನ್ನು ಬಹಿರಂಗವಾಗಿ ಸಮರ್ಥಿಸಿದ ಕೆಲವರಲ್ಲಿ ಜ್ಯೋತಿಬಾ ಫುಲೆ ಒಬ್ಬರು.

ಹೀಗೆ ಹಳೆಯ ಸಮಾಜ ಕೈಬಿಟ್ಟಿತು. ಹೊಸ ಸಭೆಯಾದರೂ ಅವರನ್ನು ಪೂರ್ತಿಯಾಗಿ ತನ್ನವರೆಂದು ಕಂಡಿತೇ ಎಂದರೆ ಅದೂ ಸುಲಭವಾಗಿರಲಿಲ್ಲ. ಕ್ರಿಸ್ತನನ್ನು ಒಪ್ಪಿದ ರಮಾಬಾಯಿ, ಸಭೆಯ ಪ್ರತಿಯೊಂದು ವಿಧಿಯನ್ನೂ ಕಣ್ಮುಚ್ಚಿ ಒಪ್ಪಲು ಸಿದ್ಧರಿರಲಿಲ್ಲ. ತ್ರಯೈಕ್ಯ ಸಿದ್ಧಾಂತದ ಬಗ್ಗೆ ಸಂದೇಹ ಎತ್ತಿದರು. ಸಸ್ಯಾಹಾರ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಬದಲು ಸಂಸ್ಕೃತದ ಬರಹವಿರಲೆಂದು ಬಯಸಿದರು. ಅವರು ಪುರುಷ ವಿದ್ಯಾರ್ಥಿಗಳಿಗೂ ಪಾಠ ಹೇಳುವ ಪ್ರಸ್ತಾಪಕ್ಕೆ ಭಾರತದಲ್ಲಿನ ಆಂಗ್ಲಿಕನ್ ಬಿಷಪರು ಅಡ್ಡಿಪಡಿಸಿದಾಗ, ತಮ್ಮ ಅಂತಃಸಾಕ್ಷಿಯ ಅಧಿಕಾರವನ್ನು ಯಾವ ಬಿಷಪರಿಗೂ ಒಪ್ಪಿಸಿಲ್ಲವೆಂಬ ನಿಲುವು ತಳೆದರು. ದೀಕ್ಷೆಯಲ್ಲಿ ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡೀನ್ ಅವರಿಗೆ ಇದು ಅಹಂಕಾರವಾಗಿ ಕಂಡಿತು. ರಮಾಬಾಯಿಯವರಿಗೋ ಇದು ದೇವರ ಮುಂದೆ ತಾವೇ ಉತ್ತರಿಸಬೇಕಾದ ಹೊಣೆಯಾಗಿತ್ತು. ಆದರೆ ಈ ವಾಗ್ವಾದಗಳ ಕಾರಣಕ್ಕೆ ಅವರು ಕ್ರೈಸ್ತ ವಿಶ್ವಾಸವನ್ನು ತೊರೆಯಲಿಲ್ಲ.

1886ರಲ್ಲಿ ಅಮೆರಿಕಕ್ಕೆ ಹೋದ ಅವರು ಹಿಂದೂ ಉಚ್ಚವರ್ಣದ ಸ್ತ್ರೀಯರ ಸ್ಥಿತಿ ಕುರಿತು ಗ್ರಂಥ ಬರೆದು, ವಿಧವೆಯರ ಶಾಲೆಗೆ ನೆರವು ಕೂಡಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಪುಣೆಗೆ ಬಂತು. ಅಲ್ಲಿ ಮತಬೋಧನೆ ಇಲ್ಲವೆಂಬುದು ಒಪ್ಪಂದ. ಆದರೆ ರಮಾಬಾಯಿಯವರ ಸ್ವಂತ ಪ್ರಾರ್ಥನೆಗೆ ಕೆಲವು ಹುಡುಗಿಯರೂ ಬಂದು ಕೂರುತ್ತಿದ್ದರು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರರಂಥ ಸಲಹೆಗಾರರು ಹಿಂದೆ ಸರಿದರು. ಅನೇಕ ಪೋಷಕರು ಮಕ್ಕಳನ್ನು ಕರೆದೊಯ್ದರು.

ಅವರ ಬದುಕಿನ ಕೊನೆಯ ಘಟ್ಟ ಪುಣೆ ಸಮೀಪದ ಕೇಡಗಾಂವ್‌ನಲ್ಲಿ ಕಳೆಯಿತು. 1896-97ರ ಬರಗಾಲದಲ್ಲಿ ಮಧ್ಯಪ್ರಾಂತದಿಂದ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದ ಅವರು ಮುಕ್ತಿ ಎಂಬ ನೆಲೆ ಕಟ್ಟಿದರು. 1900ರ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಬಂತು. ಅದು ಅವರದೇ ಸಭೆ. ಯಾವ ಒಂದು ಪಂಗಡದ ಆಡಳಿತಕ್ಕೂ ಒಳಪಟ್ಟಿರಲಿಲ್ಲ. ಪ್ರಾರ್ಥನೆ ಮರಾಠಿಯಲ್ಲಿ ನಡೆಯುತ್ತಿತ್ತು. ಹೆಣ್ಣುಮಕ್ಕಳು ನೇಯುತ್ತಿದ್ದರು, ಬೇಸಾಯ ಮಾಡುತ್ತಿದ್ದರು, ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದರು. ಅಂಧರು ಬ್ರೈಲ್ ಕಲಿಯುತ್ತಿದ್ದರು. ಹಸಿದು ಬಂದ ಬಾಲೆಯರ ಪಾಲಿಗೆ ಸಭೆಗೆ ಸೇರುವುದೆಂದರೆ ಮೊದಲು ಅನ್ನ, ಆಸರೆ, ಅಕ್ಷರ, ಬಳಿಕ ಸಿದ್ಧಾಂತ.

ಇಲ್ಲಿ ಒಂದು ಕಠಿಣ ಪ್ರಶ್ನೆಯೂ ಇದೆ. ತಮ್ಮ ಅಂತಃಸಾಕ್ಷಿಗಾಗಿ ಬಿಷಪರನ್ನೇ ಎದುರಿಸಿದ ರಮಾಬಾಯಿಯವರ ಮುಕ್ತಿಯಲ್ಲಿ ಬೆಳೆದ ಮಕ್ಕಳು ಬಹುತೇಕ ಕ್ರೈಸ್ತರಾದರು. ಬೇರೆ ಆಸರೆಯೇ ಇಲ್ಲದ ಮಗುವಿಗೆ ಆಯ್ಕೆಯ ಸ್ವಾತಂತ್ರ್ಯ ಎಷ್ಟಿತ್ತೆಂದು ಟೀಕಾಕಾರರು ಅಂದೇ ಕೇಳಿದರು. ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಬರದ ದಾರಿಯಲ್ಲಿ ಆ ಮಕ್ಕಳನ್ನು ಕೈಹಿಡಿದು ಕರೆತಂದವರು ವಿರಳವಾಗಿದ್ದರು ಎಂಬುದೂ ಅಷ್ಟೇ ನಿಜ.

ಕೊನೆಯ ವರ್ಷಗಳಲ್ಲಿ ರಮಾಬಾಯಿ, ಹೀಬ್ರೂ ಮತ್ತು ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ಬೈಬಲನ್ನು ಅನುವಾದಿಸಿದರು. ತಾಯಿಯ ಕಾರ್ಯಕ್ಕೆ ಹೆಗಲಾಗಿದ್ದ ಮನೋರಮಾ 1921ರಲ್ಲಿ ಅಗಲಿದರು. ಅನುವಾದ ಮುಗಿಸಿದ ರಮಾಬಾಯಿ 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು. 1989ರಲ್ಲಿ ಭಾರತ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಅವರ ಸ್ವತಂತ್ರ ಮನೋಭಾವವನ್ನು ಅವಿಧೇಯತೆಯೆಂದು ಬಗೆದಿದ್ದ ಅದೇ ಇಂಗ್ಲೆಂಡಿನ ಸಭೆಯ ಪಂಚಾಂಗದಲ್ಲಿ ಇಂದು ಏಪ್ರಿಲ್ 30 ರಮಾಬಾಯಿಯವರ ಸ್ಮರಣೆಯ ದಿನ. ಸಭೆಗೆ ಸೇರುವುದಕ್ಕೂ ಸಭೆಗೆ ಶರಣಾಗುವುದಕ್ಕೂ ಇರುವ ಅಂತರವನ್ನು ಬದುಕಿ ತೋರಿಸಿದವರನ್ನು ಸಭೆ ತನ್ನವರೆಂದು ಒಪ್ಪಿಕೊಂಡಿದೆ, ಅವರು ತೀರಿಕೊಂಡ ಬಹುಕಾಲದ ನಂತರ.