ಬಳ್ಳಾರಿಯಲ್ಲಿ ಇಳಿದ ಟಪಾಲು, ಕಿಟಕಿಗೆ ಬರೆದ ಕಮಾನು: ಜೆ.ಆರ್.ಡಿ. ಟಾಟಾ ಅವರ ವಿಮಾನ ಬದುಕು

ಸುಲೇಪೇಟ: ಚಿಂಚೋಳಿ ತಾಲ್ಲೂಕಿನ ಈ ಊರಿನಿಂದ ಸೇಡಂಗೆ ಹೋಗಿ, ಅಲ್ಲಿಂದ ಕಲಬುರ್ಗಿಯ ಹಾದಿ ಹಿಡಿದರೆ ನಗರ ಸೇರುವ ಮುನ್ನವೇ ಶ್ರೀನಿವಾಸ ಸರಡಗಿ ಬಳಿ ವಿಮಾನ ನಿಲ್ದಾಣ ಎದುರಾಗುತ್ತದೆ. 2019ರ ನವೆಂಬರ್ 22ರಂದು ಉದ್ಘಾಟನೆಗೊಂಡ ನಿಲ್ದಾಣವದು. ಅದಕ್ಕೂ ಮೊದಲು ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದವರ ಪಾಲಿಗೆ ವಿಮಾನವೆಂದರೆ ಹೈದರಾಬಾದ್: ಮೊದಲು ಬೇಗಂಪೇಟೆ, 2008ರ ಮಾರ್ಚ್ ನಂತರ ಶಂಷಾಬಾದ್. ಭೂಪಟದಲ್ಲಿ ಮುಂಬೈಯಿಂದ ಹೈದರಾಬಾದ್‌ಗೆ ನೇರ ಗೆರೆ ಎಳೆದರೆ ಅದು ಹುಮನಾಬಾದ್, ಚಿಂಚೋಳಿಗಳ ಆಸುಪಾಸಿನಲ್ಲೇ ಹಾಯುತ್ತದೆ. ತಲೆಯ ಮೇಲೆ ಹಾರುವ ವಿಮಾನವನ್ನು ಈ ಊರುಗಳು ದಶಕಗಳ ಕಾಲ ನೋಡಿವೆ. ಹತ್ತಬೇಕೆಂದರೆ ಮಾತ್ರ ಪರಊರಿಗೆ ಹೋಗಬೇಕಿತ್ತು.

ದಖ್ಖನದ ಆಕಾಶದಲ್ಲಿ ನಾಗರಿಕ ವಿಮಾನದ ಹಾದಿಯನ್ನು ಮೊದಲು ತೆರೆದವರು ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ. ಉಕ್ಕು, ಲಾರಿ, ರಾಸಾಯನಿಕಗಳ ಉದ್ಯಮಿಯಾಗಿ ಅವರನ್ನು ನೆನೆಯುವವರೇ ಹೆಚ್ಚು. ಶಹಾಬಾದ್ ಮತ್ತು ವಾಡಿಯ ಜನರಿಗಂತೂ ಟಾಟಾ ಹೆಸರು ಎಸಿಸಿ ಸಿಮೆಂಟಿನ ಮೂಲಕ ಪರಿಚಿತ. 1936ರಲ್ಲಿ ಆ ಕಂಪನಿಯನ್ನು ಕಟ್ಟಿದ ಉದ್ಯಮ ಸಮೂಹಗಳಲ್ಲಿ ಟಾಟಾ ಕೂಡ ಒಂದು. ಆದರೆ ಜೆ.ಆರ್.ಡಿ. ಮನಸ್ಸು ಕೊನೆಯವರೆಗೂ ನೆಟ್ಟಿದ್ದು ವಿಮಾನದಲ್ಲಿ. ಅವರು ಕಟ್ಟಿ ಬೆಳೆಸಿದ ಸಂಸ್ಥೆ ಎರಡು ಬಾರಿ ಅವರ ಕೈತಪ್ಪಿತು ಎಂಬುದೇ ಈ ಬದುಕಿನ ಮುಖ್ಯ ಸಂಗತಿ.

ಜೆ.ಆರ್.ಡಿ. ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ತಂದೆ ಪಾರ್ಸಿ, ತಾಯಿ ಫ್ರೆಂಚ್. ಬೇಸಿಗೆ ರಜೆಗೆ ಕುಟುಂಬ ತಂಗುತ್ತಿದ್ದ ಆರ್ಡೆಲೋ ಎಂಬ ಕಡಲತೀರದ ಊರಿನಲ್ಲಿ ಅವರ ಮನೆಯ ಸಮೀಪವೇ ಲೂಯಿ ಬ್ಲೇರಿಯೋ ಅವರ ಮನೆಯಿತ್ತು. 1909ರಲ್ಲಿ ವಿಮಾನದಲ್ಲಿ ಇಂಗ್ಲಿಷ್ ಕಾಲುವೆಯನ್ನು ಮೊದಲು ದಾಟಿದ ಸಾಹಸಿ ಇವರೇ. ಅವರ ಬಳಗದ ಪೈಲಟ್‌ಗಳು ಕಡಲ ಮರಳಿನ ಮೇಲೆ ವಿಮಾನ ಇಳಿಸುವುದನ್ನು ಕಂಡ ಬಾಲಕನಿಗೆ ಬೇರೆ ಆಟಿಕೆ ಬೇಕಾಗಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಅಲ್ಲಿಯೇ ಮೊದಲ ಬಾರಿ ವಿಮಾನವೇರಿದರು.

ಮುಂದೆ ಒಂದು ವರ್ಷ ಫ್ರೆಂಚ್ ಸೈನ್ಯದಲ್ಲಿ ಕಡ್ಡಾಯ ಸೇವೆ. ಕೇಂಬ್ರಿಜ್‌ನಲ್ಲಿ ಓದುವ ಆಸೆಯಿತ್ತು. ತಂದೆ ಭಾರತಕ್ಕೆ ಕರೆಸಿಕೊಂಡರು. 1925ರ ಡಿಸೆಂಬರ್‌ನಲ್ಲಿ ಸಂಬಳವಿಲ್ಲದ ಉಮೇದುವಾರನಾಗಿ ಟಾಟಾ ಕಚೇರಿ ಸೇರಿದರು. ಮರುವರ್ಷವೇ ತಂದೆ ತೀರಿಕೊಂಡರು. ಪದವಿಯಿಲ್ಲದ ಕೊರಗು ಅವರನ್ನು ಬಹುಕಾಲ ಕಾಡಿತು. 1929ರ ಫೆಬ್ರುವರಿ 10ರಂದು ಬಾಂಬೆಯಲ್ಲಿ ಅವರ ಕೈಸೇರಿದ ಪೈಲಟ್ ಲೈಸೆನ್ಸ್ ಮೇಲೆ ಇದ್ದ ಸಂಖ್ಯೆ 1. ಫ್ರೆಂಚ್ ಪೌರತ್ವವನ್ನು ತ್ಯಜಿಸಿ ಭಾರತೀಯರಾದದ್ದೂ ಅದೇ ವರ್ಷ.

ಪೈಪೋಟಿ ಎಂದರೆ ಅವರಿಗೆ ಹೇಗಿತ್ತು ಎಂಬುದಕ್ಕೆ 1930ರ ಒಂದು ಪ್ರಸಂಗವಿದೆ. ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬಂಟಿಯಾಗಿ ಮೊದಲು ಹಾರಿದ ಭಾರತೀಯನಿಗೆ ಆಗಾ ಖಾನ್ 500 ಪೌಂಡ್ ಬಹುಮಾನ ಘೋಷಿಸಿದ್ದರು. ಜೆ.ಆರ್.ಡಿ. ಕರಾಚಿಯಿಂದ ಹೊರಟರೆ, ಆಸ್ಪಿ ಎಂಜಿನಿಯರ್ ಎಂಬ ಹದಿಹರೆಯದ ತರುಣ ಇಂಗ್ಲೆಂಡ್‌ನಿಂದ ಈ ಕಡೆಗೆ ಹೊರಟಿದ್ದರು. ಈಜಿಪ್ಟಿನ ಅಬುಕೀರ್‌ನಲ್ಲಿ ಇಬ್ಬರೂ ಎದುರಾದರು. ಸ್ಪಾರ್ಕ್ ಪ್ಲಗ್ ಇಲ್ಲದೆ ಆಸ್ಪಿ ಅಲ್ಲಿಯೇ ಕುಳಿತಿದ್ದರು. ಜೆ.ಆರ್.ಡಿ. ತಮ್ಮ ಬಳಿಯಿದ್ದ ಹೆಚ್ಚುವರಿ ಪ್ಲಗ್‌ಗಳನ್ನು ಕೊಟ್ಟರು. ಕೆಲವೇ ಗಂಟೆಗಳ ಅಂತರದಲ್ಲಿ ಗೆದ್ದವರು ಆಸ್ಪಿ! ಮುಂದೆ ಅದೇ ಆಸ್ಪಿ ಎಂಜಿನಿಯರ್ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ವಿಮಾನ ಸಂಸ್ಥೆಯ ಯೋಜನೆ ಮೂಲತಃ ಜೆ.ಆರ್.ಡಿ. ಅವರದ್ದಲ್ಲ. ಬ್ರಿಟಿಷ್ ವಾಯುಪಡೆಯಿಂದ ಹೊರಬಂದಿದ್ದ ನೆವಿಲ್ ವಿನ್ಸೆಂಟ್ ಅದನ್ನು ಹೊತ್ತು ತಂದರು. ಲಂಡನ್ ಟಪಾಲು ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ ಕರಾಚಿಗೆ ಬಂದಿಳಿಯುತ್ತಿತ್ತು. ಅಲ್ಲಿಂದ ಬಾಂಬೆ, ಮದ್ರಾಸ್‌ಗಳಿಗೆ ಒಯ್ಯಲು ರೈಲೇ ಗತಿ. 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಬಾಂಬೆ-ಮದ್ರಾಸ್ ಹಳಿ ಗುಲ್ಬರ್ಗ, ಶಹಾಬಾದ್, ವಾಡಿಗಳ ಮೂಲಕ ಹಾದುಹೋಗುತ್ತದೆ. ಈ ಭಾಗದ ರೈಲು ನಿಲ್ದಾಣಗಳು ಕಂಡ ಆ ಟಪಾಲು ಚೀಲವನ್ನು ಆಕಾಶಕ್ಕೆ ಏರಿಸುವುದೇ ವಿನ್ಸೆಂಟ್ ಆಲೋಚನೆ. ಟಾಟಾ ಸಂಸ್ಥೆ ಹೂಡಿದ್ದು 2 ಲಕ್ಷ ರೂಪಾಯಿ. ಸರ್ಕಾರದಿಂದ ಸಹಾಯಧನ ಇರಲಿಲ್ಲ. ಹೊತ್ತ ಟಪಾಲಿನ ತೂಕಕ್ಕೆ ತಕ್ಕ ಹಣ ಅಷ್ಟೇ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಸುಮಾರು 25 ಕಿಲೋ ಟಪಾಲು ಹೊತ್ತು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಬಾಂಬೆಯ ಜುಹುಗೆ ಬಂದಿಳಿದರು. ಅಹಮದಾಬಾದ್‌ನಲ್ಲಿ ವಿಮಾನಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ, ಡಬ್ಬಿಗಳಲ್ಲಿ. ಬಾಂಬೆಯಿಂದ ಮುಂದಕ್ಕೆ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಟಪಾಲು ಒಯ್ದವರು ವಿನ್ಸೆಂಟ್. ಭಾರತದ ಮೊದಲ ನಿಯಮಿತ ದೇಶೀಯ ವಿಮಾನ ಮಾರ್ಗಗಳಲ್ಲಿ ಒಂದಾದ ಈ ದಾರಿಯಲ್ಲಿ ಬೆಂಗಳೂರಾಗಲೀ ಮೈಸೂರಾಗಲೀ ಇರಲಿಲ್ಲ, ಬಳ್ಳಾರಿ ಇತ್ತು ಎಂಬುದು ಕನ್ನಡಿಗರಿಗೆ ಇಂದು ಅಚ್ಚರಿ ಎನಿಸಬಹುದು. ಅಂದಿನ ವಿಮಾನಕ್ಕೆ ಒಂದೇ ಉಸಿರಿಗೆ ಮದ್ರಾಸ್ ತಲುಪುವ ಶಕ್ತಿಯಿರಲಿಲ್ಲ, ನಡುದಾರಿಯಲ್ಲಿ ಇಳಿಯುವ ಬಯಲು ಬೇಕಿತ್ತು.

ರೇಡಿಯೊ ಇಲ್ಲ, ದಾರಿ ತೋರುವ ದೀಪವಿಲ್ಲ. ನದಿ, ಗುಡ್ಡ, ರೈಲು ಹಳಿಗಳನ್ನು ನೋಡಿಕೊಂಡು ಹಾರಬೇಕು. ಮಳೆಗಾಲದಲ್ಲಿ ಜುಹು ಬಯಲು ನೀರು ಕುಡಿದು ಕೆಸರಾಗುತ್ತಿತ್ತು. ಆಗ ಎಲ್ಲ ವ್ಯವಹಾರ ಪುಣೆಗೆ ವರ್ಗ. ಇಷ್ಟಾದರೂ ಮೊದಲ ವರ್ಷ ಸಂಸ್ಥೆಯ ವಿಮಾನಗಳು 1,60,000 ಮೈಲಿ ಹಾರಿ, 155 ಪ್ರಯಾಣಿಕರನ್ನು ಹೊತ್ತು, 60,000 ರೂಪಾಯಿ ಲಾಭ ತಂದವು. ಕೆಲವೇ ವರ್ಷಗಳಲ್ಲಿ ಬಳ್ಳಾರಿಯ ಜಾಗಕ್ಕೆ ಹೈದರಾಬಾದ್ ಬಂತು. ನಿಜಾಮರ ರಾಜಧಾನಿಗೆ ಇದ್ದ ಹಣ, ಗತ್ತು ಬಳ್ಳಾರಿಯ ದಂಡು ಪ್ರದೇಶಕ್ಕೆ ಎಲ್ಲಿಂದ ಬರಬೇಕು? ಒಂದು ಊರು ನಕ್ಷೆಗೆ ಬಂದಷ್ಟೇ ಬೇಗ ನಕ್ಷೆಯಿಂದ ಜಾರಿತು.

1938ರಲ್ಲಿ, 34ನೇ ವಯಸ್ಸಿಗೆ, ಜೆ.ಆರ್.ಡಿ. ಟಾಟಾ ಸನ್ಸ್ ಅಧ್ಯಕ್ಷರಾದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದರು. ಪುಣೆಯಲ್ಲಿ ಅಂಥದೇ ಕಾರ್ಖಾನೆ ಕಟ್ಟುವ ಟಾಟಾ ಯೋಜನೆ ಕೈಗೂಡಲಿಲ್ಲ. 1942ರಲ್ಲಿ ಯುದ್ಧದ ನಡುವೆ ಬ್ರಿಟನ್‌ನಿಂದ ಮರಳುತ್ತಿದ್ದ ವಿನ್ಸೆಂಟ್ ಇದ್ದ ವಿಮಾನ ಕಣ್ಮರೆಯಾಯಿತು. ಕೈಹಿಡಿದು ಕಟ್ಟಿದ ಗೆಳೆಯ ಹೋದ ಮೇಲೆ ವಿಮಾನ ಸಂಸ್ಥೆಯ ಪೂರ್ಣ ಭಾರ ಜೆ.ಆರ್.ಡಿ. ಹೆಗಲಿಗೇ ಬಿತ್ತು.

ಯುದ್ಧ ಮುಗಿದ ಮೇಲಿನ ಏಳು ವರ್ಷಗಳು ಭಾರತದ ವಿಮಾನಯಾನದ ಅತ್ಯಂತ ಗದ್ದಲದ ಕಾಲ. ಅಮೆರಿಕನ್ ಸೈನ್ಯ ಬಿಟ್ಟುಹೋದ ಡಕೋಟಾ ವಿಮಾನಗಳು ಅಗ್ಗಕ್ಕೆ ದೊರೆತವು. ಹಣವಿದ್ದವರೆಲ್ಲ ವಿಮಾನ ಕಂಪನಿ ತೆರೆಯಲು ಮುಂದಾದರು, ಸರ್ಕಾರ ಧಾರಾಳವಾಗಿ ಲೈಸೆನ್ಸ್ ಕೊಟ್ಟಿತು. ಅಂಬಿಕಾ, ಜುಪಿಟರ್, ಭಾರತ್, ಹಿಮಾಲಯನ್, ಒಡಿಶಾದ ಬಿಜು ಪಟ್ನಾಯಕ್ ಅವರ ಕಳಿಂಗ ಹೀಗೆ ಹೆಸರುಗಳ ಸಾಲೇ ಇದೆ. ಹೈದರಾಬಾದ್‌ನ ಬೇಗಂಪೇಟೆಯಲ್ಲಿ ಡೆಕ್ಕನ್ ಏರ್‌ವೇಸ್ ಇತ್ತು. ನಿಜಾಮರ ಸರ್ಕಾರ ಮತ್ತು ಟಾಟಾ ಏರ್‌ಲೈನ್ಸ್ ಕೂಡಿ 1945ರಲ್ಲಿ ಆರಂಭಿಸಿದ ಸಂಸ್ಥೆಯದು. ಆಗ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲವೂ ನಿಜಾಮ್ ರಾಜ್ಯದಲ್ಲೇ ಇದ್ದುದರಿಂದ ಅದನ್ನು ಈ ನಾಡಿನ ವಿಮಾನ ಸಂಸ್ಥೆ ಎಂದು ಕರೆದರೆ ತಪ್ಪಾಗಲಾರದು.

ದೇಶದಲ್ಲಿರುವ ಪ್ರಯಾಣಿಕರ ಸಂಖ್ಯೆಗೆ ಇಷ್ಟು ಕಂಪನಿಗಳು ಬದುಕಲಾರವು, ಎಲ್ಲರೂ ಸೇರಿ ಮುಳುಗುತ್ತಾರೆ ಎಂಬುದು ಜೆ.ಆರ್.ಡಿ. ವಾದವಾಗಿತ್ತು. ಎದುರಾಳಿಗಳನ್ನು ಹೊರಗಿಡಲು ಹೂಡಿದ ತಂತ್ರವಿದು ಎಂದು ಟೀಕಾಕಾರರು ಶಂಕಿಸಿದರು. ಶಂಕೆಗೆ ಆಧಾರವಿಲ್ಲದಿಲ್ಲ: 1946ರ ಜುಲೈ 29ರಂದು ಸಾರ್ವಜನಿಕ ಕಂಪನಿಯಾಗಿ ಏರ್ ಇಂಡಿಯಾ ಎಂಬ ಹೆಸರು ಪಡೆದ ಟಾಟಾ ಸಂಸ್ಥೆಯೇ ಎಲ್ಲರಿಗಿಂತ ಗಟ್ಟಿಯಾಗಿತ್ತು. ಡೆಕ್ಕನ್ ಏರ್‌ವೇಸ್‌ನಲ್ಲಿ ಸ್ವತಃ ಪಾಲುದಾರರಾಗಿ, ಇತರರಿಗೆ ಸಂತೆ ತುಂಬಿತೆಂದು ಹೇಳುವುದು ಕೇಳಲು ಹಿತವಾದ ಮಾತಲ್ಲ. ಆದರೆ ಲೆಕ್ಕದಲ್ಲಿ ಅವರು ತಪ್ಪಲಿಲ್ಲ. ಕೆಲವು ಕಂಪನಿಗಳು ಬಾಗಿಲು ಮುಚ್ಚಿದವು. ಉಳಿದವು ನಷ್ಟದಲ್ಲಿ ಕುಂಟಿದವು.

1949ರ ಆರಂಭದಲ್ಲಿ ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿ ರಾತ್ರಿ ಟಪಾಲು ವಿಮಾನ ಆರಂಭಿಸಿದರು. ದೆಹಲಿ, ಬಾಂಬೆ, ಕಲ್ಕತ್ತ, ಮದ್ರಾಸ್‌ಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲ ಬದಲಿಸಿಕೊಂಡು ಬೆಳಗಿನ ವೇಳೆಗೆ ಮರಳುವ ವ್ಯವಸ್ಥೆ. ರಾತ್ರಿ ಇಳಿಯಲು ತಕ್ಕ ಸೌಲಭ್ಯಗಳಿಲ್ಲದೆ ಇದು ಅಪಾಯ ಎಂದು ಜೆ.ಆರ್.ಡಿ. ಬಹಿರಂಗವಾಗಿ ವಿರೋಧಿಸಿದರು. ಸಚಿವರಿಗೂ ಅವರಿಗೂ ಪತ್ರಿಕೆಗಳಲ್ಲೇ ಜಟಾಪಟಿ ನಡೆಯಿತು. ಇಲ್ಲಿ ಮಾತ್ರ ಕಾಲ ಸಚಿವರ ಪರ ನಿಂತಿತು; ಆ ಸೇವೆ ದಶಕಗಳ ಕಾಲ ನಡೆಯಿತು.

1953ರಲ್ಲಿ ರಾಷ್ಟ್ರೀಕರಣ ಬಂತು. ಡೆಕ್ಕನ್ ಏರ್‌ವೇಸ್ ಸೇರಿದಂತೆ ಎಂಟು ದೇಶೀಯ ಸಂಸ್ಥೆಗಳು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿದವು. 1948ರ ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ವಿಮಾನದೊಂದಿಗೆ ಬಾಂಬೆ-ಲಂಡನ್ ಸೇವೆ ಆರಂಭಿಸಿದ್ದ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಮತ್ತೊಂದು ನಿಗಮವಾಯಿತು. ತಮ್ಮೊಡನೆ ಸರಿಯಾಗಿ ಸಮಾಲೋಚಿಸದೆ ಸರ್ಕಾರ ತೀರ್ಮಾನಿಸಿತು ಎಂಬ ನೋವು ಜೆ.ಆರ್.ಡಿ. ಅವರಿಗೆ ಆಳವಾಗಿತ್ತು. ಗೆಳೆಯರಾಗಿದ್ದ ನೆಹರೂ ಅವರಿಗೇ ಅದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಆದರೂ ಅಂತಾರಾಷ್ಟ್ರೀಯ ನಿಗಮದ ಅಧ್ಯಕ್ಷ ಸ್ಥಾನವನ್ನು ಸಂಬಳವಿಲ್ಲದೆ ಒಪ್ಪಿಕೊಂಡರು. ತಾವು ಬೇಡವೆಂದ ವ್ಯವಸ್ಥೆಯ ಚುಕ್ಕಾಣಿಯನ್ನು ತಾವೇ ಹಿಡಿದು ಕಾಲು ಶತಮಾನ ನಡೆಸಿದರು.

ಈಗ ಪೈಪೋಟಿ ಪ್ಯಾನ್ ಅಮೆರಿಕನ್, ಬಿಒಎಸಿಯಂಥ ದೈತ್ಯರ ಜೊತೆ. ಹಣದಲ್ಲಿ, ವಿಮಾನಗಳ ಸಂಖ್ಯೆಯಲ್ಲಿ ಸರಿಗಟ್ಟುವಂತಿರಲಿಲ್ಲ. ಚಹರೆಯಲ್ಲಿ, ಉಪಚಾರದಲ್ಲಿ ಮೀರಿಸಬೇಕಿತ್ತು. ಪೇಟ ತೊಟ್ಟು, ಮೀಸೆ ತಿರುವಿ, ಬಾಗಿ ನಿಂತ ಮಹಾರಾಜನನ್ನು 1946ರಲ್ಲೇ ಸಂಸ್ಥೆಯ ಬಾಬಿ ಕೂಕಾ ಮತ್ತು ಜಾಹೀರಾತು ಕಲಾವಿದ ಉಮೇಶ್ ರಾವ್ ಸೃಷ್ಟಿಸಿದ್ದರು. ಮೊದಲ ವಿಮಾನಗಳಿಗೆ ರಾಜಕುಮಾರಿಯರ ಹೆಸರು, ನಂತರ ರಾಣಿಯರದು, 1960ರಲ್ಲಿ ಬೋಯಿಂಗ್ 707 ಜೆಟ್ ಬಂದಾಗ ಹಿಮಾಲಯದ ಶಿಖರಗಳದ್ದು. 1967ರಲ್ಲಿ ಚಿತ್ರಕಾರ ಸಾಲ್ವಡೋರ್ ಡಾಲಿ ಸಂಸ್ಥೆಗೆ ಬೂದಿ ಬಟ್ಟಲೊಂದನ್ನು ವಿನ್ಯಾಸ ಮಾಡಿಕೊಟ್ಟು ಪ್ರತಿಫಲವಾಗಿ ಆನೆಮರಿ ಕೇಳಿದರಂತೆ! ಮಾವುತನೊಡನೆ ಆನೆಮರಿ ವಿಮಾನವೇರಿ ಹೊರಟದ್ದು ನಮ್ಮ ಬೆಂಗಳೂರಿನಿಂದ.

1971ರಲ್ಲಿ ಮೊದಲ ಜಂಬೊ ಜೆಟ್ ಎಂಪರರ್ ಅಶೋಕ ಬಂದಾಗ ಅದರ ಪ್ರತಿ ಕಿಟಕಿಯ ಸುತ್ತ ಕೆಂಪು ಬಣ್ಣದಲ್ಲಿ ಕಮಾನು ಬರೆಯಲಾಗಿತ್ತು. ರಾಜಸ್ಥಾನದ ಅರಮನೆಗಳ ಝರೋಖಾ ಮಾದರಿಯದು. ಲಂಡನ್ ಅಥವಾ ನ್ಯೂಯಾರ್ಕ್ ನಿಲ್ದಾಣದಲ್ಲಿ ಹತ್ತು ವಿಮಾನಗಳ ನಡುವೆ ನಿಂತರೂ ಇದು ಯಾವ ದೇಶದ್ದೆಂದು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಬಣ್ಣ ಬಳಿದ ಮಾತ್ರಕ್ಕೆ ಸಂಸ್ಥೆ ನಡೆಯುವುದಿಲ್ಲ ಎಂಬುದು ಅಧ್ಯಕ್ಷರಿಗೆ ಗೊತ್ತಿತ್ತು. ತಮ್ಮ ವಿಮಾನದಲ್ಲಿ ಹೋದಾಗಲೆಲ್ಲ ಚೀಟಿ ಹಿಡಿದು ಟಿಪ್ಪಣಿ ಬರೆಯುತ್ತಿದ್ದರು. ಚಹಾದ ಬಣ್ಣ ಕಾಫಿಯಂತಿದೆ, ಪರದೆ ಸರಿಯಿಲ್ಲ, ಶೌಚಾಲಯದ ಸ್ವಚ್ಛತೆ ಸಾಲದು. ಇಳಿದ ಕೂಡಲೇ ಅದು ಸಂಬಂಧಿಸಿದವರ ಮೇಜಿಗೆ ತಲುಪುತ್ತಿತ್ತು. ಕೊಳೆಯಾದ ಜಾಗವನ್ನು ಸ್ವತಃ ಒರೆಸಿದ್ದೂ ಉಂಟು. ಸಾವಿರಾರು ಜನರ ಸಂಸ್ಥೆಯ ಮುಖ್ಯಸ್ಥ ಪರದೆಯ ಬಟ್ಟೆ ನೋಡುತ್ತ ಕೂರಬೇಕೇ ಎಂದು ಕೇಳಬಹುದು. ಪ್ರಯಾಣಿಕ ನೋಡುವುದು ಅದನ್ನೇ ಅಲ್ಲವೇ?

ದುರಂತಗಳೂ ಬೆನ್ನು ಬಿಡಲಿಲ್ಲ. 1950ರಲ್ಲಿ ಮಲಬಾರ್ ಪ್ರಿನ್ಸೆಸ್ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. 1966ರ ಜನವರಿ 24ರಂದು ಅದೇ ಪರ್ವತದಲ್ಲಿ ಕಾಂಚನಜುಂಗಾ ವಿಮಾನ ಛಿದ್ರವಾಗಿ 117 ಮಂದಿ ಸತ್ತರು, ಅವರಲ್ಲಿ ಜೆ.ಆರ್.ಡಿ. ಆಪ್ತರಾದ ವಿಜ್ಞಾನಿ ಹೋಮಿ ಭಾಭಾ ಒಬ್ಬರು. 1978ರ ಜನವರಿ 1ರ ರಾತ್ರಿ ಕಮಾನು ಕಿಟಕಿಯ ಎಂಪರರ್ ಅಶೋಕ ಬಾಂಬೆಯಿಂದ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಬಾಂದ್ರಾ ಎದುರಿನ ಸಮುದ್ರಕ್ಕೆ ಬಿತ್ತು. 213 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಅದಾಗಿ ಒಂದು ತಿಂಗಳಷ್ಟೇ. ಮೊರಾರ್ಜಿ ದೇಸಾಯಿ ನೇತೃತ್ವದ ಸರ್ಕಾರ ಜೆ.ಆರ್.ಡಿ. ಅವರನ್ನು ಅಧ್ಯಕ್ಷ ಸ್ಥಾನದಿಂದ ಕೆಳಗಿಳಿಸಿ, ವಾಯುಪಡೆಯ ನಿವೃತ್ತ ಮುಖ್ಯಸ್ಥ ಪಿ.ಸಿ. ಲಾಲ್ ಅವರನ್ನು ನೇಮಿಸಿತು. ಜೆ.ಆರ್.ಡಿ. ಆಗ ಜೆಮ್‌ಷೆಡ್‌ಪುರದಲ್ಲಿದ್ದರು. ಸರ್ಕಾರದ ಪತ್ರಕ್ಕೂ ಮೊದಲೇ ಸುದ್ದಿ ಅವರನ್ನು ತಲುಪಿತ್ತು. ನಲವತ್ತಾರು ವರ್ಷಗಳ ಸಂಬಂಧಕ್ಕೆ ಒಂದು ಮಾತಿನ ಸೌಜನ್ಯವೂ ದೊರೆಯಲಿಲ್ಲ. ಪ್ರತಿಭಟಿಸಿ ಹಿರಿಯ ಅಧಿಕಾರಿಗಳು ರಾಜೀನಾಮೆ ಕೊಟ್ಟರು. ಅಪಘಾತವಾಗಲೀ ಲೆಕ್ಕಪತ್ರವಾಗಲೀ ಇಂಥ ವಿದಾಯವನ್ನು ಸಮರ್ಥಿಸುವುದಿಲ್ಲ. 1980ರಲ್ಲಿ ಇಂದಿರಾ ಗಾಂಧಿ ಅವರನ್ನು ಮತ್ತೆ ಮಂಡಳಿಗೆ ಕರೆತಂದರು, ಅಧ್ಯಕ್ಷರಾಗಿ ಅಲ್ಲ, ಸದಸ್ಯರಾಗಿ.

1982ರ ಅಕ್ಟೋಬರ್ 15. ಮೊದಲ ಹಾರಾಟಕ್ಕೆ ಐವತ್ತು ವರ್ಷ. 78ರ ವೃದ್ಧರು ಹಳೆಯ ಲೆಪರ್ಡ್ ಮಾತ್ ವಿಮಾನವೇರಿ ಕರಾಚಿಯಿಂದ ಬಾಂಬೆಗೆ ಮತ್ತೆ ಒಬ್ಬರೇ ಹಾರಿಬಂದರು. 1992ರಲ್ಲಿ ಭಾರತರತ್ನ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು. ಹುಟ್ಟಿದ ಪ್ಯಾರಿಸ್‌ನ ಪೇರ್ ಲಾಶೇಸ್ ಸ್ಮಶಾನದಲ್ಲಿ ಮಣ್ಣಾದರು.

2022ರ ಜನವರಿ 27ರಂದು ಏರ್ ಇಂಡಿಯಾ ಮತ್ತೆ ಟಾಟಾ ಕೈಸೇರಿತು. 2023ರ ಆಗಸ್ಟ್‌ನಲ್ಲಿ ಹೊಸ ಬಣ್ಣ ಪ್ರಕಟವಾಯಿತು: ಗಾಢ ಕೆಂಪು, ಬದನೆ ನೇರಳೆ, ಬಂಗಾರ. ಪ್ರತಿ ಕಿಟಕಿಗೂ ಇದ್ದ ಕಮಾನು ಹೋಗಿ, ಆ ಕಿಟಕಿಯ ಚೌಕಟ್ಟೇ ಹೊಸ ಲಾಂಛನವಾಯಿತು. ಈ ಬಣ್ಣ ತೊಟ್ಟ ಮೊದಲ ಎ350 ವಿಮಾನ ಪ್ರಯಾಣಿಕರನ್ನು ಹೊತ್ತು ಹಾರಾಟ ಆರಂಭಿಸಿದ್ದು 2024ರ ಜನವರಿ 22ರಂದು, ಬೆಂಗಳೂರಿನಿಂದ ಮುಂಬೈಗೆ. ಸುಲೇಪೇಟದ ಹೊಲದಲ್ಲಿ ನಿಂತವರಿಗೆ ಆ ಬಂಗಾರದ ಚೌಕಟ್ಟು ಕಾಣುವುದಿಲ್ಲ. ವಿಮಾನಗಳು ಈಗ ಬಹಳ ಎತ್ತರದಲ್ಲಿ ಹಾರುತ್ತವೆ.