ಗಣಕಕ್ಕೆ ಕಾಯುವುದನ್ನು ಕಲಿಸಿದ ಡೈಕ್‌ಸ್ಟ್ರಾ

ಗಣಕದಲ್ಲಿ ಪತ್ರ ಬರೆಯುತ್ತಲೇ ಹಾಡು ಕೇಳುತ್ತೇವೆ, ಅದೇ ಹೊತ್ತಿಗೆ ಇನ್ನೊಂದು ಕಡತ ಮುದ್ರಣವಾಗುತ್ತಿರುತ್ತದೆ. ಹಲವು ಪ್ರೋಗ್ರಾಮ್‌ಗಳು ಒಂದೇ ಯಂತ್ರವನ್ನು ಹಂಚಿಕೊಂಡರೂ ಒಂದರ ಕೆಲಸವನ್ನು ಮತ್ತೊಂದು ಕೆಡಿಸುವುದಿಲ್ಲ. ಈ ಶಿಸ್ತಿಗೆ ಬುನಾದಿ ಹಾಕಿದವರಲ್ಲಿ ಪ್ರಮುಖರು ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ.

ಅವರು ಹುಟ್ಟಿದ್ದು 1930ರ ಮೇ 11ರಂದು, ರಾಟರ್‌ಡ್ಯಾಮ್‌ನಲ್ಲಿ. ತಂದೆ ರಸಾಯನ ವಿಜ್ಞಾನಿ, ತಾಯಿ ಗಣಿತಜ್ಞೆ. ಲೈಡನ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದುತ್ತಿದ್ದಾಗಲೇ, 1952ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆಗಿ ಸೇರಿದರು. ಆಗ ಅದೊಂದು ಗೌರವದ ವಿದ್ಯೆಯೆಂದು ಯಾರೂ ಎಣಿಸಿರಲಿಲ್ಲ. 1957ರಲ್ಲಿ ವಿವಾಹ ನೋಂದಣಿಯ ವೇಳೆ ವೃತ್ತಿಯ ಅಂಕಣದಲ್ಲಿ ಪ್ರೋಗ್ರಾಮರ್ ಎಂದು ಬರೆಸಿದಾಗ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಸೈದ್ಧಾಂತಿಕ ಭೌತವಿಜ್ಞಾನಿ ಎಂದು ದಾಖಲಾಯಿತು.

1962ರಲ್ಲಿ ಅವರು ಐಂಡ್‌ಹೋವನ್‌ನಲ್ಲಿ ಗಣಿತದ ಪ್ರಾಧ್ಯಾಪಕರಾದರು. ಅಲ್ಲಿ ಸಣ್ಣ ತಂಡವೊಂದರೊಡನೆ ಎಲೆಕ್ಟ್ರೋಲಾಜಿಕಾ ಎಕ್ಸ್8 ಯಂತ್ರಕ್ಕೆ ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ರೂಪಿಸುವಾಗ ಅವರ ಮುಂದಿದ್ದ ತೊಡಕು ಇದು: ಎರಡು ಪ್ರಕ್ರಿಯೆಗಳು ಒಂದೇ ಲೆಕ್ಕವನ್ನು ಒಟ್ಟಿಗೆ ಮುಟ್ಟಿದರೆ ಏನಾಗಬೇಕು? ನೂರು ಎಂಬ ಅಂಕಿಯನ್ನು ಎರಡೂ ಓದಿ, ಎರಡೂ ಒಂದನ್ನು ಕೂಡಿಸಿ ಬರೆದರೆ, ನೂರಾ ಎರಡಾಗಬೇಕಾದದ್ದು ನೂರಾ ಒಂದಾಗಿಯೇ ಉಳಿಯುತ್ತದೆ. ಈ ತಪ್ಪು ಗಳಿಗೆಯನ್ನು ಅವಲಂಬಿಸಿರುವುದರಿಂದ ಸಾವಿರ ಸಲದ ಪರೀಕ್ಷೆಯಲ್ಲಿಯೂ ಕಾಣಿಸದೆ ಹೋಗಬಹುದು.

ಇದಕ್ಕೆ ಅವರು ಕಂಡುಕೊಂಡ ಉಪಾಯವೇ ಸೆಮಾಫೋರ್. ರೈಲು ಹಳಿಯ ಪಕ್ಕದ ಕೈಮರದ ಹೆಸರೇ ಅದಕ್ಕೆ ಬಂತು. ಅದು ಒಂದು ಎಣಿಕೆ ಮಾತ್ರ. ಒಳಹೋಗುವ ಪ್ರಕ್ರಿಯೆ ಎಣಿಕೆಯಿಂದ ಒಂದನ್ನು ಕಳೆಯಬೇಕು, ಎಣಿಕೆ ಸೊನ್ನೆಯಾಗಿದ್ದರೆ ಕಾಯಬೇಕು. ಹೊರಬರುವಾಗ ಒಂದನ್ನು ಕೂಡಿಸಿ ಕಾಯುತ್ತಿರುವವರಿಗೆ ದಾರಿ ಬಿಡಬೇಕು. ಒಂದು ಪ್ರಕ್ರಿಯೆ ಮಾಹಿತಿಯನ್ನು ಸಿದ್ಧಪಡಿಸಿದೆ, ಇನ್ನೊಂದು ಅದನ್ನು ಎತ್ತಿಕೊಳ್ಳಬಹುದು ಎಂದು ತಿಳಿಸುವುದಕ್ಕೂ ಇದೇ ಸಾಧನ ಸಾಕಾಯಿತು.

ಆದರೆ ಕಾಯುವುದರಲ್ಲಿಯೂ ಅಪಾಯವಿದೆ. ಒಬ್ಬರ ಕೈಯಲ್ಲಿರುವುದಕ್ಕಾಗಿ ಮತ್ತೊಬ್ಬರು ಕಾಯುತ್ತ ಎಲ್ಲರೂ ನಿಂತುಬಿಟ್ಟರೆ ಯಂತ್ರ ಸ್ತಬ್ಧವಾಗುತ್ತದೆ. ಇದನ್ನು ತಿಳಿಸಲು 1965ರಲ್ಲಿ ಅವರು ವಿದ್ಯಾರ್ಥಿಗಳಿಗೆ ಒಡ್ಡಿದ ಪ್ರಶ್ನೆಯೊಂದು, ಮೇಜಿನ ಸುತ್ತ ಕುಳಿತು ಫೋರ್ಕ್‌ಗಳಿಗಾಗಿ ಕಾಯುವ ಐವರು ದಾರ್ಶನಿಕರ ಕಥೆಯಾಗಿ ಪ್ರಸಿದ್ಧವಾಯಿತು. ಪರೀಕ್ಷೆಯಿಂದ ದೋಷ ಇದೆಯೆಂದು ತೋರಿಸಬಹುದೇ ಹೊರತು ಇಲ್ಲವೆಂದು ಸಾಧಿಸಲಾಗದು, ಆದ್ದರಿಂದ ಬರೆಯುವ ಮುನ್ನವೇ ಯೋಚಿಸಬೇಕು ಎಂಬುದು ಅವರ ದೃಢ ನಿಲುವಾಗಿತ್ತು.

1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು. 1984ರಿಂದ 1999ರವರೆಗೆ ಅಮೆರಿಕದ ಆಸ್ಟಿನ್‌ನಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ಗಣಕದ ಮೇರು ವಿದ್ವಾಂಸರಾಗಿದ್ದರೂ ತಮ್ಮ ಟಿಪ್ಪಣಿಗಳನ್ನು ಬಹುಪಾಲು ಶಾಯಿ ಪೆನ್ನಿನಲ್ಲಿಯೇ ಬರೆದು, ನಕಲು ಮಾಡಿಸಿ ಗೆಳೆಯರಿಗೆ ಕಳುಹಿಸುತ್ತಿದ್ದರು. ಅಂಥ ಬರಹಗಳು ಸಾವಿರದ ಮುನ್ನೂರಕ್ಕೂ ಹೆಚ್ಚು.

2002ರ ಆಗಸ್ಟ್ 6ರಂದು ನ್ಯೂನೆನ್‌ನಲ್ಲಿ, ಕ್ಯಾನ್ಸರ್‌ನಿಂದ ಅವರು ನಿಧನರಾದರು. ವಿಂಡೋಸ್, ಲಿನಕ್ಸ್ ಎರಡರಲ್ಲಿಯೂ ಸೆಮಾಫೋರ್ ಅದೇ ಹೆಸರಿನಿಂದ ಇಂದಿಗೂ ದುಡಿಯುತ್ತಿದೆ. ವಿವಾಹದ ದಾಖಲೆಯಲ್ಲಿ ಜಾಗ ಸಿಗದ ಆ ವೃತ್ತಿ, ಇಂದು ಜಗತ್ತಿನಾದ್ಯಂತ ಕೋಟಿಗೂ ಮೀರಿದ ಜನರ ಜೀವನೋಪಾಯವಾಗಿದೆ.