ಗಣಿತಜ್ಞ ಆಯ್ಲರನೂ ಎರಡು ಮಹಾಸಂಖ್ಯೆಗಳೂ

ಮಂಗಳೂರು ಸೀಮೆಯವರಿಗೆ ಮಿಷನಿನ ದೆಸೆಯಿಂದ ಬಾಸೆಲ್ ಪಟ್ಟಣದ ಹೆಸರು ಚಿರಪರಿಚಿತವಾಗಿದೆ. ಆ ಮಿಷನು ಸ್ಥಾಪಿತವಾಗುವುದಕ್ಕೆ ನೂರು ವರ್ಷಗಳಿಗೂ ಹಿಂದೆ, 1707ನೆಯ ಇಸವಿ ಏಪ್ರಿಲ್ 15ರಂದು, ಲೆಯೋನ್‌ಹಾರ್ಡ್ ಆಯ್ಲರನು ಅದೇ ಪಟ್ಟಣದಲ್ಲಿ ಜನಿಸಿದನು. ಸಭಾಪಾಲಕನಾಗಿದ್ದ ಅವನ ತಂದೆಗೆ ಮಗನೂ ಸಭಾಸೇವೆಗೆ ಸೇರಬೇಕೆಂಬ ಅಪೇಕ್ಷೆಯಿತ್ತು. ಆದರೆ ಶನಿವಾರಗಳಲ್ಲಿ ಹುಡುಗನ ಸಂದೇಹಗಳನ್ನು ಬಿಡಿಸುತ್ತಿದ್ದ ಯೋಹಾನ್ ಬೆರ್ನೂಲಿ ಎಂಬ ಪಂಡಿತನು ಅವನ ಬುದ್ಧಿಯನ್ನು ಕಂಡು, ತಂದೆಯನ್ನು ಒಡಂಬಡಿಸಿದನು. 1727ರಲ್ಲಿ ಆಯ್ಲರನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ತೆರಳಿದನು.

ಅಲ್ಲಿರುವಾಗ ಗೋಲ್ಡ್‌ಬಾಖ್ ಎಂಬ ಮಿತ್ರನು 1729ರಲ್ಲಿ ಬರೆದ ಕಾಗದವೊಂದು ಅವನ ಮನಸ್ಸನ್ನು ಹಿಡಿಯಿತು. ಹಿಂದಿನ ಶತಮಾನದ ಫರ್ಮಾ ಎಂಬ ಫ್ರೆಂಚ್ ಗಣಿತಜ್ಞನು 3, 5, 17, 257, 65537 ಎಂಬ ಸಾಲನ್ನು ನೋಡಿ, ಇವು ಮುಂದೆ ಎಷ್ಟೇ ಬೆಳೆದರೂ ಎಲ್ಲವೂ ಅವಿಭಾಜ್ಯಗಳೇ ಎಂದು ನಂಬಿದ್ದನು. ಸಾಲಿನ ಯಾವುದೇ ಸಂಖ್ಯೆಯಿಂದ ಒಂದನ್ನು ಕಳೆದು, ಉಳಿದುದನ್ನು ಅದರಿಂದಲೇ ಗುಣಿಸಿ ಒಂದನ್ನು ಕೂಡಿಸಿದರೆ ಮುಂದಿನದು ದೊರೆಯುವುದು. ಹೀಗೆ ಆರನೆಯದು 4294967297. ಅಷ್ಟು ದೊಡ್ಡ ಪಂಡಿತನ ಮಾತಾದರೂ ಆಯ್ಲರನು ಅದನ್ನು ಪರೀಕ್ಷಿಸದೆ ಬಿಡಲಿಲ್ಲ. ಆ ಸಂಖ್ಯೆಯು 641ರಿಂದ ನಿಶ್ಶೇಷವಾಗಿ ಭಾಗವಾಗುವುದೆಂದು 1732ರಲ್ಲಿ ತೋರಿಸಿದನು. ಅದರ ಅವಿಭಾಜ್ಯ ಭಾಜಕ ಯಾವುದೇ ಆದರೂ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು; ಅಂತಹ ಅವಿಭಾಜ್ಯಗಳಲ್ಲಿ 193, 257, 449, 577 ಇವುಗಳ ಬಳಿಕ ಐದನೆಯದೇ 641. ಈ ನಿಯಮದ ಸಾಧನೆಯನ್ನು ಅವನು ತರುವಾಯ ಪ್ರಕಟಿಸಿದನು. ನಮ್ಮ ಹಳೆಯ ವಿದ್ಯಾರ್ಥಿನಿಯರು 641ನ್ನು 6700417ರಿಂದ ಗುಣಿಸಿ ನೋಡಬಹುದು. ಅರ್ಧ ಹಾಳೆ ಕಾಗದ ಸಾಕು.

1738ರಲ್ಲಿ ಅವನ ಬಲಗಣ್ಣಿನ ದೃಷ್ಟಿ ಕೆಟ್ಟಿತು. ಇಪ್ಪತ್ತೈದು ವರ್ಷ ಬರ್ಲಿನ್ನಿನಲ್ಲಿದ್ದು 1766ರಲ್ಲಿ ಪೀಟರ್ಸ್‌ಬರ್ಗಿಗೆ ಮರಳಿದ ಮೇಲೆ ಎಡಗಣ್ಣೂ ಹೋಯಿತು. 1771ರಲ್ಲಿ ಮನೆ ಬೆಂಕಿಗೆ ತುತ್ತಾಯಿತು. ಆದರೂ ಅವನು ಹೇಳುತ್ತಿದ್ದನು, ಮಗನೂ ಶಿಷ್ಯರೂ ಬರೆದುಕೊಳ್ಳುತ್ತಿದ್ದರು. ಈ ಕುರುಡುತನದಲ್ಲಿಯೇ, 1772ರಲ್ಲಿ, 2147483647 ಎಂಬುದು ಅವಿಭಾಜ್ಯವೆಂದು ಅವನು ತಿಳಿಯಪಡಿಸಿದನು. ಮೂವತ್ತೊಂದು ಎರಡುಗಳ ಗುಣಲಬ್ಧದಲ್ಲಿ ಒಂದು ಕಡಿಮೆಯಾದರೆ ಈ ಸಂಖ್ಯೆ. ಇದು ವಿಭಾಜ್ಯವಾಗಿದ್ದರೆ 46341ಕ್ಕಿಂತ ಕಡಿಮೆಯಾದ ಅವಿಭಾಜ್ಯ ಭಾಜಕವೊಂದು ಇರಲೇಬೇಕು. 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯುವ ಅವಿಭಾಜ್ಯಗಳ ಹೊರತು ಬೇರಾವುದೂ ಇದನ್ನು ಭಾಗಿಸಲಾರದೆಂದು ಕಂಡು, ಸಾವಿರಾರು ಭಾಗಾಕಾರಗಳ ಶ್ರಮವನ್ನು ಅವನು ನೂರಕ್ಕೂ ಕಡಿಮೆಗೆ ಇಳಿಸಿದನು. ಕಣ್ಣುಳ್ಳ ನಾವು ಅಂಗಡಿಯ ಲೆಕ್ಕವನ್ನೇ ಎರಡು ಬಾರಿ ತಪ್ಪುತ್ತೇವೆ!

ಇದರಿಂದ ದೊರೆತ ಪರಿಪೂರ್ಣ ಸಂಖ್ಯೆಗೆ, ಎಂದರೆ 6, 28ರಂತೆ ತನಗಿಂತ ಕಿರಿದಾದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆಗೆ, ಹತ್ತೊಂಬತ್ತು ಅಂಕಿಗಳಿವೆ. ಇದಕ್ಕಿಂತ ದೊಡ್ಡದನ್ನು ಯಾರೂ ಕಂಡುಹಿಡಿಯಲಾರರೆಂದು ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಬರೆದನು. ಅವನೂ ಫರ್ಮಾನಂತೆಯೇ ತಪ್ಪಿದನು. 1876ರಲ್ಲಿ ಲ್ಯೂಕಾ ಎಂಬ ಫ್ರೆಂಚನು 39 ಅಂಕಿಗಳ ಅವಿಭಾಜ್ಯವೊಂದನ್ನು ಸಾಧಿಸಿದನು.

ಆಯ್ಲರನು 1783ನೆಯ ಸೆಪ್ಟೆಂಬರ್ 18ರಂದು ತೀರಿಕೊಂಡನು. ಆ ದಿನವೂ ಅವನು ಮೊಮ್ಮಗುವಿಗೆ ಪಾಠ ಹೇಳಿ, ಆಗ ಹೊಸದಾಗಿ ಕಂಡಿದ್ದ ಯುರೇನಸ್ ಗ್ರಹದ ಕಕ್ಷೆಯ ಕುರಿತು ಶಿಷ್ಯರೊಡನೆ ಮಾತನಾಡಿದ್ದನು.